ಕೊಟ್ಟೆ

ಮಡಗಾಂವ ಮಾರ್ಕೆಟ್ಟಿನ ಹಿಂಬಾಗಿಲ ಮೆಟ್ಟಿಲಿಗೆ ತಾಗಿ
ಅವ್ವಿಯ ಜಾಗ: ಎರಡು ಗೋಣಿ ಹಾಸಿದರೆ ಮುಗಿಯುವಷ್ಟು.
ಹರಿವೆ, ಮೊಗೆಕಾಯಿ, ಏಪ್ರಿಲ್ಲಿನಲ್ಲಿ ಕರಿ ಇಷಾಡು.
ಬೆಳಗಿನ ಗಾಡಿಗೆ ಅಂಕೋಲೆಯಿಂದ ಬಂದು
ಸಂಜೆ ಖಾಲಿ ಬುಟ್ಟಿ ಹೊತ್ತು ಮರಳುವ ಹೆಂಗಸರಲ್ಲಿ
ಮರಳದೆ ಉಳಿದವಳು ಅವಳೊಬ್ಬಳು.

ಮೀನಿನ ಸಾಲಿನ ಪಿಯೆದಾದ್ ಬಾಯಿ ‘ಪೊತಿ’ ಎಂದರೆ
ಸಾವಂತವಾಡಿಯ ಕಾಯಿ ವ್ಯಾಪಾರಿ ‘ಪಿಶವಿ’ ಅಂತಾನೆ.
ಗದಗದ ನೀಲವ್ವ, ಗಾರೆ ಕೆಲಸದವಳು,
ತಲೆಯ ಸಿಂಬಿ ಇಳಿಸದೆಯೇ
‘ಯಕ್ಕಾ, ಒಂದ್ ಚೀಲಾ ಕೊಡು’ ಅಂತಾಳೆ.
ಮಂಗಳೂರು ಹೋಟೆಲಿನ ಹುಡುಗನಿಗೆ ಬೇಕಾದದ್ದು ತೊಟ್ಟೆ.
ಅವನ ನಾಲಿಗೆಯಲ್ಲಿ ನಮ್ಮ ಕ ಜಾರಿ ತ ಆಯಿತೋ
ಅವರ ತ ನಮ್ಮಲ್ಲಿ ಎಡವಿ ಕ ಆಯಿತೋ,
ಯಾರು ಕಂಡಿದ್ದಾರೆ.

ಅವ್ವಿ ಎಲ್ಲರಿಗೂ ಕೊಡುತ್ತಾಳೆ, ಅವರವರ ಮಾತಿನಲ್ಲೇ.
ಊರಿನ ಶಬ್ದ ಮಾತ್ರ ಅವಳ ಬಾಯಲ್ಲಿ ಬಾರದು.
‘ಚಿಲ್ಲರೆ ಕೊಟ್ಟೆಯಾ?’ ಎಂದು ಕೇಳಿ ನೋಡಿ,
‘ಕೊಟ್ಟಾಯ್ತು’ ಅಂತಾಳೆ.
ಹದಿನೆಂಟು ವರ್ಷದಿಂದ ಹೀಗೇ
ಗುಂಡಿ ಕಂಡ ಸೈಕಲ್ಲಿನಂತೆ ಸುತ್ತಿಕೊಂಡು ಹೋಗುತ್ತಾಳೆ.

ನನಗೋ ಶಬ್ದಗಳ ಚಟ.
ತಕ್ಕಡಿ ರಿಪೇರಿಯ ಅಂಗಡಿಯಲ್ಲಿ ಗಿರಾಕಿ ಇಲ್ಲದಾಗ
ಬಿಲ್ಲಿನ ಬೆನ್ನಿಗೆ ಬರೆಯುತ್ತೇನೆ.
ಕೊಟ್ಟೆ: ಹಲಸಿನ ನಾಲ್ಕು ಎಲೆ, ಹಿಡಿಕಡ್ಡಿ ಚುಚ್ಚಿ
ಹಿಟ್ಟು ನಿಲ್ಲುವಂತೆ ಸೇರಿಸಿದ್ದು. ಮೂಲ ಇದೇ ಇರಬೇಕು.
ಕೊಟ್ಟೆ: ಹಾಲಿನದು, ತೊಳೆದು ತಂತಿಗೆ ಸಿಕ್ಕಿಸಿದ್ದು.
ಕೊಟ್ಟೆ: ಗಾಳಿಗೆ ಹಾರಿ ಬೇಲಿಗೆ ಸಿಕ್ಕುವುದು,
ಬೇಲಿ ತಪ್ಪಿದರೆ ಆಕಳ ಹೊಟ್ಟೆಗೆ.
ಪ್ರಾಸ ನಾನು ಹುಡುಕಿದ್ದಲ್ಲ, ಅದೇ ಹೋಗಿ ಸೇರಿಕೊಂಡಿತು.

ನಾಲ್ಕನೆಯದನ್ನು ಬರೆದಿಲ್ಲ.
ಅದು ಅಪ್ಪನದು.
ಹಲ್ಲಿನಲ್ಲಿ ಮೂಲೆ ಕಚ್ಚಿ, ಉಗಿದು,
ಕುತ್ತಿಗೆ ಹಿಂದಕ್ಕೆ ಚೆಲ್ಲಿ ಒಂದೇ ಗುಟುಕು.
‘ಕೊಟ್ಟೆ ಹಾಕಿದಾನೆ’ ಎಂದರೆ ಕೇರಿಯಲ್ಲಿ
ಬೇರೆ ಅರ್ಥ ಯಾರೂ ಕೇಳುತ್ತಿರಲಿಲ್ಲ.
ಬೆಳಿಗ್ಗೆ ಅಂಗಳ ಗುಡಿಸುವಾಗ ಹಿಡಿಗೆ ಅಂಟಿದ ಖಾಲಿಗಳನ್ನು
ಅವ್ವಿ ಎಣಿಸುತ್ತಿದ್ದಳು, ಒಂದು, ಎರಡು, ನಾಲ್ಕು.
ನಾನು ಎಣಿಕೆ ಕಲಿತದ್ದು ಹಾಗೆ.

ಅಜ್ಜಿ ಒಮ್ಮೆ ಕೇಳಿದಳು: ಕಿವಿಯ ಬುಗುಡಿ ಎಲ್ಲೆ?
‘ಕೊಟ್ಟೆ.’
ಯಾರಿಗೆ? ಸೊಸೈಟಿಗೋ, ಅಂಗಡಿಯವಗೋ, ಅವನಿಗೋ?
‘ಕೊಟ್ಟೆ ಅಂದೆನಲ್ಲ.’
ಬಾಗಿಲ ಸಂದಿಯಲ್ಲಿ ನಿಂತ ಆರು ವರ್ಷದ ನನಗೆ
ಬುಗುಡಿ ಯಾವುದೋ ಕೊಟ್ಟೆಯೊಳಗೆ ಇದೆ ಅನ್ನಿಸಿತು.
ಹಿತ್ತಿಲ ಬೇಲಿಯಲ್ಲಿ ಒಂದೊಂದನ್ನೇ ಬಿಡಿಸಿ ನೋಡಿದೆ.
ಎಲ್ಲದರಲ್ಲೂ ಅದೇ ಹುಳಿ ವಾಸನೆ.
ಮೂರನೆಯ ದಿನ ಗಾಡಿ ಹತ್ತಿದೆವು.
ಕಾಳಿಯ ಸೇತುವೆಯ ಮೇಲೆ ಅವಳು ಕೆಳಗೆ ನೋಡಲಿಲ್ಲ.

ಹೋದ ವಾರ ಪಾಲಿಕೆಯವನ ಧಾಳಿ.
ಪ್ಲಾಸ್ಟಿಕ್ ಬಂದ್, ಐದುನೂರು ದಂಡ.
ಗಿರಾಕಿಯ ಕೈಯ ತೆಳು ನೀಲಿ ಪೊತಿ ಎತ್ತಿ ಹಿಡಿದು
ಇದನ್ನು ಕೊಟ್ಟವರು ಯಾರೆಂದು ಕೊಂಕಣಿಯಲ್ಲಿ ಗದರಿದ.
ಕಾಯಿಯವ ತೆಂಗಿನ ಜುಟ್ಟು ನೋಡತೊಡಗಿದ.
ಅವ್ವಿ ಸೊಂಟದ ಸಂಚಿಯಿಂದ ನೋಟು ತೆಗೆಯುತ್ತ
ಕನ್ನಡದಲ್ಲೇ ಅಂದಳು:
‘ನಾನೇ ಕೊಟ್ಟೆ.’
ಅವನಿಗೆ ಅರ್ಥವಾಗಲಿಲ್ಲ, ರಸೀದಿ ಹರಿದ.
ನನ್ನ ಕೈಯ ತೂಕದ ಬಟ್ಟು ಕೆಳಗೆ ಬಿತ್ತು.

ಭಾನುವಾರ ಪಿಯೆದಾದ್ ಬಾಯಿಯ ಹಿತ್ತಿಲಿಂದ
ಒಂದು ಹೊರೆ ಹಲಸಿನೆಲೆ ತಂದು ಕೂತಿದ್ದಾಳೆ ಅವ್ವಿ.
ಬೆರಳು ಮರೆತಿಲ್ಲ; ಕಡ್ಡಿ ಮಾತ್ರ ಆಗಾಗ ಚುಚ್ಚುತ್ತದೆ.
ಬಾಯಿ ಹೊಸ್ತಿಲಿಗೆ ಬಂದು ಇಣುಕಿ,
‘ಅರೆ, ಖೊಟ್ಟೊ! ನಮ್ಮಜ್ಜಿಯೂ ಕಟ್ಟುತ್ತಿದ್ದಳು’ ಅಂದಾಗ
ಅವ್ವಿ ತಲೆಯೆತ್ತಿದಳು.
ನದಿಯ ಆಚೆ ಬಿಟ್ಟು ಬಂದದ್ದು
ತನಗಿಂತ ಮೊದಲೇ ಇಲ್ಲಿ ಬಂದು ಕೂತಿತ್ತೇ?
ಏನೂ ಹೇಳಲಿಲ್ಲ.
ಹಿಟ್ಟು ಹೊಯ್ದಳು. ಮೂರನೆಯದು ಸೋರಿತು.
‘ಇನ್ನೊಂದು ಎಲೆ ಕೊಡೋ’ ಅಂದಳು ನನಗೆ.
ಕೊಟ್ಟೆ.